ಒಂದು ಪರದೆ, ನಾಲ್ಕು ತಲೆ

"ವಿಜ್ಞಾನ ವರವೇ, ಶಾಪವೇ?" ಎಂಬ ಪ್ರಬಂಧವನ್ನು ಒಮ್ಮೆಯಾದರೂ ಬರೆಯದೆ ನಮ್ಮ ಕಾಲದ ಕನ್ನಡ ಶಾಲೆಗಳಿಂದ ಹೊರಬಂದವರು ಯಾರೂ ಇರಲಿಕ್ಕಿಲ್ಲ. ಒಂದು ಕಡೆ ಅಣುಬಾಂಬು, ಇನ್ನೊಂದು ಕಡೆ ವಿದ್ಯುದ್ದೀಪ. ಕೊನೆಯಲ್ಲಿ "ಎಲ್ಲವೂ ಬಳಸುವವರ ಕೈಯಲ್ಲಿದೆ" ಎಂದು ಬರೆದರೆ ಹತ್ತಕ್ಕೆ ಏಳು ಅಂಕ ಖಚಿತ! ಈಗ ನಮ್ಮ ಮಕ್ಕಳು ಅದೇ ಪ್ರಬಂಧವನ್ನು ಮೊಬೈಲ್ ಕುರಿತು ಬರೆಯುತ್ತಿದ್ದಾರೆ. ಪೋಷಕರಾದ ನಾವೂ ಒಬ್ಬರನ್ನೊಬ್ಬರು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಮಕ್ಕಳಿಗೆ ದಿನಕ್ಕೆ ಎಷ್ಟು ಗಂಟೆ ಸ್ಕ್ರೀನ್ ಕೊಡುತ್ತೀರಿ?"

ಆತ್ಮೀಯ ಪೋಷಕರೇ, ವಿದ್ಯಾರ್ಥಿ ಮಿತ್ರರೇ, ಈ ಲೇಖನದಲ್ಲಿ ನಾನು ಕೇಳಬೇಕೆಂದಿರುವುದು ಬೇರೆಯದೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಒಂದು ಪರದೆಯ ಮುಂದೆ ಎಷ್ಟು ಮಕ್ಕಳು ಕೂರುತ್ತಾರೆ?

ಈ ಪ್ರಶ್ನೆ ನನಗೆ ಹೊಳೆದದ್ದು ತಡವಾಗಿ. 2020ರ ಮಾರ್ಚ್ ತಿಂಗಳಲ್ಲಿ ಕೊರೋನಾ ಕಾರಣದಿಂದ ಇಲ್ಲಿ ಮಸ್ಕತ್‌ನಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮನೆಯಲ್ಲಿ ಇದ್ದುದು ಒಂದೇ ಲ್ಯಾಪ್‌ಟಾಪ್. ಮಗಳಿಗೆ ಆರನೇ ತರಗತಿ, ಮಗನಿಗೆ ಮೂರನೇ ತರಗತಿ ಪ್ರಾರಂಭವಾಗುವುದಿತ್ತು. ಎಲ್ಲರಂತೆ ನಾವೂ ಪರದಾಡಿ ಮಗನಿಗೊಂದು ಟ್ಯಾಬ್ ಕೊಂಡೆವು, ಇಬ್ಬರಿಗೂ ಕಿವಿಗೆ ಹೆಡ್‌ಫೋನ್ ಹಾಕಿದೆವು, ಒಬ್ಬರ ಪಾಠ ಇನ್ನೊಬ್ಬರಿಗೆ ಅಡ್ಡಿಯಾಗದಿರಲೆಂದು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ ಬಾಗಿಲು ಎಳೆದೆವು. ಮನೆ ಗ್ರಂಥಾಲಯದಂತೆ ನಿಶ್ಶಬ್ದವಾಯಿತು. ನಾವು ಅದನ್ನು ಶಿಸ್ತು ಎಂದು ತಿಳಿದೆವು!

ಶಾಲೆ ಮತ್ತೆ ತೆರೆದ ಕೆಲವೇ ವಾರಗಳಲ್ಲಿ ಮಗನ ಶಿಕ್ಷಕಿಯಿಂದ ಫೋನ್ ಬಂತು. ಅವನಿಗೆ ದಶಕ ತೆಗೆದುಕೊಂಡು ಕಳೆಯುವ ಲೆಕ್ಕವೇ ಬರುತ್ತಿರಲಿಲ್ಲ. ಕನ್ನಡದಲ್ಲಿ ಒತ್ತಕ್ಷರ ಬಂದಲ್ಲೆಲ್ಲ ಪೆನ್ಸಿಲ್ ನಿಂತುಬಿಡುತ್ತಿತ್ತು. ಅಷ್ಟು ಕಾಲ ಅವನು ಪ್ರತಿದಿನ ಬೆಳಿಗ್ಗೆ "ಪ್ರೆಸೆಂಟ್ ಮಿಸ್" ಎಂದು ಟೈಪ್ ಮಾಡಿ, ಕ್ಯಾಮೆರಾ ಮುಚ್ಚಿ ಕೂತಿದ್ದ. ಇದರಲ್ಲಿ ಶಾಲೆಯ ತಪ್ಪೇನೂ ಇಲ್ಲ. ನಲವತ್ತು ಪುಟ್ಟ ಚೌಕಗಳಲ್ಲಿ ಯಾವ ಚೌಕ ಕಪ್ಪಾಗಿದೆ ಎಂದು ಯಾವ ಶಿಕ್ಷಕಿ ತಾನೇ ಹುಡುಕಿಯಾಳು? ಬಾಗಿಲು ಎಳೆದವರು ನಾವು. "ಅರ್ಥವಾಗದಿದ್ದರೆ ಕೇಳಬಾರದಿತ್ತೇ?" ಎಂದು ಅವನನ್ನು ಗದರಿದಾಗ ಅವನು ಹೇಳಿದ್ದು ಒಂದೇ ಮಾತು: "ಯಾರನ್ನು ಕೇಳಲಿ? ಪಕ್ಕದಲ್ಲಿ ಯಾರೂ ಇರಲಿಲ್ಲವಲ್ಲ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನಾವೆಲ್ಲ ತರಗತಿಯಲ್ಲಿ ಅರ್ಧದಷ್ಟು ಕಲಿತದ್ದು ಮೇಷ್ಟ್ರಿಂದಲ್ಲ, ಪಕ್ಕದವನ ಪುಸ್ತಕಕ್ಕೆ ಇಣುಕಿ ನೋಡಿ. "ಏಯ್, ಅದು ಹೇಗೆ ಬಂತು?" ಎಂದು ಪಿಸುಗುಟ್ಟಿ. ಆ ಪಿಸುಮಾತನ್ನು ನಾವು ಹೆಡ್‌ಫೋನ್ ಹಾಕಿ ನಿಲ್ಲಿಸಿದ್ದೆವು.

ಅದೇ ಸಮಯದಲ್ಲಿ ಊರಿನಲ್ಲಿ ಬೇರೆಯೇ ಚಿತ್ರವಿತ್ತು. ಕರ್ನಾಟಕದ ಶಿಕ್ಷಣ ಇಲಾಖೆ 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗಾಗಿ 'ವಿದ್ಯಾಗಮ' ಎಂಬ ಕಾರ್ಯಕ್ರಮ ಆರಂಭಿಸಿತು. ಮನೆಯಲ್ಲಿ ಇಂಟರ್ನೆಟ್ ಇರುವ ಫೋನ್ ಇದೆಯೇ, ಬರೀ ಫೋನ್ ಇದೆಯೇ, ಏನೂ ಇಲ್ಲವೇ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಿ, ಶಿಕ್ಷಕರೇ ಮರದಡಿ, ದೇವಸ್ಥಾನದ ಜಗಲಿ, ಸಮುದಾಯ ಭವನಗಳಿಗೆ ಹೋಗಿ ಪಾಠ ಹೇಳಿದರು. ಸೋಂಕು ಹರಡುವ ಭಯದಿಂದ ಆ ವರ್ಷದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ದೂರದರ್ಶನ ಚಂದನ ವಾಹಿನಿಯಲ್ಲಿ 'ಸಂವೇದ' ಎಂಬ ಪಾಠಮಾಲೆಯೂ ಬರುತ್ತಿತ್ತು. ಉಡುಪಿಯ ನನ್ನ ತಂಗಿಯ ಮಗ ಆಗ ಎಂಟನೇ ತರಗತಿ. ಅವರ ಮನೆಯ ಟಿವಿ ಮುಂದೆ ಅಕ್ಕಪಕ್ಕದ ಮೂವರು ಮಕ್ಕಳು ಮಾಸ್ಕ್ ಕಟ್ಟಿಕೊಂಡು ಸಾಲಾಗಿ ಕೂರುತ್ತಿದ್ದರಂತೆ. ಪಾಠ ಅರ್ಧ ಗಂಟೆ, ಜಗಳ ಒಂದು ಗಂಟೆ ಎಂದು ತಂಗಿ ದೂರುತ್ತಿದ್ದಳು. ಜಗಳ ಯಾವುದರ ಬಗ್ಗೆ ಎಂದರೆ, ಟಿವಿಯಲ್ಲಿ ಹೇಳಿದ ಲೆಕ್ಕದ ಬಗ್ಗೆ!

ಒಂದು ಮನೆಯ ಉದಾಹರಣೆಯಿಂದ ಸಿದ್ಧಾಂತ ಕಟ್ಟಬಾರದು, ನಿಜ. ಆದರೆ ಇದೇ ವಿಷಯದ ಮೇಲೆ ನಮ್ಮ ದೇಶದಲ್ಲಿಯೇ ಒಂದು ಪ್ರಸಿದ್ಧ ಪ್ರಯೋಗ ನಡೆದಿದೆ. ಹಿರಿಯ ತರಗತಿಗಳ ಮಕ್ಕಳಲ್ಲಿ ಕೆಲವರು ಅದನ್ನು ಕೇಳಿರಬಹುದು.

1999ರ ಜನವರಿ 26ರಂದು ದೆಹಲಿಯ ಕಾಲ್ಕಾಜಿಯಲ್ಲಿ ಸುಗತ ಮಿತ್ರ ಎಂಬ ವಿಜ್ಞಾನಿ ಒಂದು ವಿಚಿತ್ರ ಕೆಲಸ ಮಾಡಿದರು. ಅವರು ಕೆಲಸ ಮಾಡುತ್ತಿದ್ದ ಎನ್‌ಐಐಟಿ ಸಂಸ್ಥೆಯ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವೆ ಒಂದು ಗೋಡೆ. ಆ ಗೋಡೆಗೆ ತೂತು ಕೊರೆದು, ಕೊಳೆಗೇರಿಯ ಕಡೆಗೆ ಮುಖ ಮಾಡಿ, ಇಂಟರ್ನೆಟ್ ಸಂಪರ್ಕವಿದ್ದ ಒಂದು ಕಂಪ್ಯೂಟರನ್ನು ಕೂರಿಸಿಬಿಟ್ಟರು. ಫಲಕವಿಲ್ಲ, ಶಿಕ್ಷಕರಿಲ್ಲ, ಸೂಚನೆಗಳಿಲ್ಲ. ಓದು ಬರಹ ಸರಿಯಾಗಿ ಬಾರದ, ಇಂಗ್ಲಿಷ್ ಗೊತ್ತಿಲ್ಲದ ಮಕ್ಕಳು ಬಂದು ಮುತ್ತಿಕೊಂಡರು. ಮುಟ್ಟಿದರು, ಬೆರಳಾಡಿಸಿದರು, ಏನೋ ಚಲಿಸಿತು, ಕಿರುಚಿದರು. ಸ್ವಲ್ಪ ಸಮಯದಲ್ಲೇ ಅವರು ಇಂಟರ್ನೆಟ್ ಪುಟಗಳನ್ನು ತೆರೆಯುವುದನ್ನೂ, ಚಿತ್ರ ಬಿಡಿಸುವುದನ್ನೂ ಕಲಿತು ಒಬ್ಬರಿಗೊಬ್ಬರು ಹೇಳಿಕೊಡತೊಡಗಿದರು.

ನನಗೆ ಬಹಳ ಇಷ್ಟವಾದದ್ದು ಅವರ ಭಾಷೆ. ಪರದೆಯ ಮೇಲೆ ಓಡಾಡುವ ಬಾಣದ ಗುರುತಿಗೆ ಆ ಮಕ್ಕಳು 'ಸೂಯಿ' ಎಂದು ಹೆಸರಿಟ್ಟರು, ಅಂದರೆ ಸೂಜಿ. ಕಂಪ್ಯೂಟರ್ ಯೋಚಿಸುವಾಗ ಬರುತ್ತಿದ್ದ ಮರಳು ಗಡಿಯಾರದ ಚಿತ್ರಕ್ಕೆ 'ಡಮರು'! ಶಿವನ ಕೈಯ ಡಮರುಗದ ಹಾಗೆಯೇ ಇತ್ತಲ್ಲ ಅದು. ಒಬ್ಬನೇ ಕೂತು ಕಲಿತಿದ್ದರೆ ಹೆಸರಿನ ಅಗತ್ಯವೇ ಬರುತ್ತಿರಲಿಲ್ಲ. "ಸೂಜಿಯನ್ನು ಅಲ್ಲಿಗೆ ತಗೊಂಡು ಹೋಗು" ಎಂದು ಇನ್ನೊಬ್ಬನಿಗೆ ಹೇಳಬೇಕಾದಾಗ ಮಾತ್ರ ಹೆಸರು ಬೇಕು. ಹೆಸರು ಹುಟ್ಟಿದ ಕಡೆ ತಿಳಿವಳಿಕೆಯೂ ಹುಟ್ಟುತ್ತದೆ ಎನ್ನುವುದು ನನ್ನ ಅನಿಸಿಕೆ.

ಈ ಪ್ರಯೋಗವನ್ನು ಮುಂದೆ ಮಧ್ಯಪ್ರದೇಶದ ಶಿವಪುರಿ ಮೊದಲಾದ ಹಲವು ಊರುಗಳಲ್ಲಿ ಮಾಡಿದರು. ರಾಜತಾಂತ್ರಿಕ ವಿಕಾಸ್ ಸ್ವರೂಪ್ ತಮ್ಮ ಕಾದಂಬರಿಗೆ ಇದೇ ಪ್ರೇರಣೆ ಎಂದು ಹೇಳಿದ್ದಾರೆ. ಆ ಕಾದಂಬರಿಯಿಂದಲೇ 2008ರಲ್ಲಿ 'ಸ್ಲಮ್‌ಡಾಗ್ ಮಿಲಿಯನೇರ್' ಚಲನಚಿತ್ರ ಬಂದದ್ದು. ಮಿತ್ರ ಅವರಿಗೆ 2013ರಲ್ಲಿ ಹತ್ತು ಲಕ್ಷ ಡಾಲರುಗಳ ಟೆಡ್ ಬಹುಮಾನ ಸಿಕ್ಕಿತು.

ಇಷ್ಟೇ ಹೇಳಿ ನಿಲ್ಲಿಸಿದರೆ ಕಥೆ ಸೊಗಸಾಗಿರುತ್ತದೆ, ಆದರೆ ಪೂರ್ತಿಯಾಗುವುದಿಲ್ಲ. ಮಾರ್ಕ್ ವಾರ್‌ಷೌರ್ ಎಂಬ ಅಮೆರಿಕದ ಸಂಶೋಧಕರು ದೆಹಲಿಯ ಕೊಳೆಗೇರಿಯೊಂದರ ಇಂಥ ಗೋಡೆ ಕಂಪ್ಯೂಟರುಗಳ ಬಗ್ಗೆ 2002ರಲ್ಲಿ ಬರೆದರು. ಇಂಟರ್ನೆಟ್ ಹೆಚ್ಚಿನ ವೇಳೆ ಕೆಲಸ ಮಾಡುತ್ತಿರಲಿಲ್ಲ, ಹಿಂದಿಯಲ್ಲಿ ಕಲಿಯುವಂಥದ್ದು ಏನೂ ಇರಲಿಲ್ಲ, ಮಕ್ಕಳು ಬಹುಪಾಲು ಆಟವಾಡುತ್ತಿದ್ದರು ಅಥವಾ ಚಿತ್ರ ಬಿಡಿಸುತ್ತಿದ್ದರು, ತಂದೆತಾಯಿಗಳಿಗೂ ಪೂರ್ಣ ಸಮಾಧಾನವಿರಲಿಲ್ಲ. ಹಿಮಾಲಯದ ತಪ್ಪಲಿನ ಎರಡು ಊರುಗಳಲ್ಲಿ ಹೀಗೆ ಇಟ್ಟಿದ್ದ ಕಂಪ್ಯೂಟರುಗಳನ್ನು ಹುಡುಕಿಕೊಂಡು ಹೋದ ಪಾಯಲ್ ಅರೋರಾ ಅವರೂ 2010ರಲ್ಲಿ ಇಂಥದ್ದೇ ಪ್ರಶ್ನೆಗಳನ್ನು ಎತ್ತಿದರು. ಕಂಪ್ಯೂಟರ್ ಇಟ್ಟುಬಿಟ್ಟರೆ ಸಾಕು, ಮಕ್ಕಳು ತಾವೇ ಪಂಡಿತರಾಗುತ್ತಾರೆ ಎಂಬುದು ಅತಿಯಾಯಿತು. ನಾವೇ ಟ್ಯಾಬ್ ಕೊಂಡು ಕೊಟ್ಟು ನೋಡಿದವರಲ್ಲವೇ!

ಹಾಗಾದರೆ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ? ಇದಕ್ಕೆ ಮಿತ್ರ ಅವರ ಇನ್ನೊಂದು ಪ್ರಯೋಗದಲ್ಲಿಯೇ ಸುಳಿವಿದೆ. ಕಾಲಿಕುಪ್ಪಂ ಎಂಬ ಹಳ್ಳಿಯಲ್ಲಿ, ತಮಿಳು ಮಾತ್ರ ಬಲ್ಲ 26 ಮಕ್ಕಳ ಮುಂದೆ ಅವರು ಇಂಗ್ಲಿಷ್‌ನಲ್ಲಿದ್ದ ಜೀವತಂತ್ರಜ್ಞಾನದ ಪಾಠಗಳನ್ನು ಕಂಪ್ಯೂಟರಿನಲ್ಲಿ ಹಾಕಿಟ್ಟರು. ಡಿಎನ್‌ಎ ಎಂದರೇನು ಎಂಬಂಥ, ಕಾಲೇಜು ಮಕ್ಕಳಿಗೂ ತಲೆನೋವು ತರುವ ವಿಷಯ. ಮೊದಲ ಪರೀಕ್ಷೆಯಲ್ಲಿ ಸೊನ್ನೆ. ಎರಡು ತಿಂಗಳ ನಂತರ ಅದೇ ಮಕ್ಕಳು ಶೇಕಡ 30ರಷ್ಟು ಅಂಕ ಪಡೆದರು. ಇದು ಆಶ್ಚರ್ಯವೇ ಸರಿ. ಆದರೆ ಶೇಕಡ 30 ಎಂದರೆ ನಮ್ಮ ಲೆಕ್ಕದಲ್ಲಿ ನಪಾಸು. ಆಗ ಮಿತ್ರ ಆ ಮಕ್ಕಳ ಜೊತೆ ಆಟವಾಡುತ್ತಿದ್ದ, ಲೆಕ್ಕಪತ್ರ ಬರೆಯುವ ಕೆಲಸದ ಒಬ್ಬ ಯುವತಿಯ ಸಹಾಯ ಕೇಳಿದರು. ಆಕೆಗೆ ಜೀವಶಾಸ್ತ್ರದ ಗಂಧವಿಲ್ಲ. ನೀನು ಅಜ್ಜಿಯ ಹಾಗೆ ಮಾಡು, ಹಿಂದೆ ನಿಂತು ಮೆಚ್ಚಿಕೋ, ಅದೇನು, ಇದು ಹೇಗೆ ಎಂದು ಕೇಳುತ್ತಿರು ಎಂದರಂತೆ. ಇನ್ನೆರಡು ತಿಂಗಳಲ್ಲಿ ಅಂಕ ಶೇಕಡ 50ಕ್ಕೆ ಏರಿತು.

ಹೇಳಿಕೊಡುವವರಲ್ಲ, ಕೇಳುವವರು ಬೇಕಾಗಿತ್ತು! ಈ ಅನುಭವದ ಮೇಲೆಯೇ 2009ರಲ್ಲಿ ಬ್ರಿಟನ್ನಿನ ನಿವೃತ್ತ ಶಿಕ್ಷಕಿಯರು ಮತ್ತಿತರರು ಸ್ಕೈಪ್ ಮೂಲಕ ಭಾರತದ ಮಕ್ಕಳ ಜೊತೆ ವಾರಕ್ಕಿಷ್ಟು ಹೊತ್ತು ಮಾತನಾಡುವ ಏರ್ಪಾಡು ಶುರುವಾಯಿತು. 'ಗ್ರ್ಯಾನಿ ಕ್ಲೌಡ್', ಅಂದರೆ 'ಅಜ್ಜಿಯರ ಮೋಡ' ಎಂದೇ ಅದು ಹೆಸರಾಯಿತು. (ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿಹೋಯಿತು. ನಮ್ಮಂಥ ಪರದೇಶವಾಸಿಗಳಿಗೆ ಎಷ್ಟು ವರ್ಷ ಊರಿನ ಮುಖ ತೋರಿಸಿದ ಯಂತ್ರವದು!)

ಇದು ಹೊಸ ಸಂಗತಿಯೂ ಅಲ್ಲ. ನಮ್ಮ ಹಳೆಯ ಕೂಲಿಮಠಗಳಲ್ಲಿ ದೊಡ್ಡ ಹುಡುಗ ಚಿಕ್ಕವನಿಗೆ ಅಕ್ಷರ ತಿದ್ದಿಸುತ್ತಿದ್ದ. 1790ರ ಸುಮಾರಿಗೆ ಮದರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ, ಸ್ಥಳೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುತ್ತ ಕಲಿಯುವುದನ್ನು ಕಂಡು ಬೆರಗಾದ. ತನ್ನ ಶಾಲೆಯಲ್ಲೂ ಮರಳು ತರಿಸಿ, ದೊಡ್ಡ ಮಕ್ಕಳಿಂದ ಚಿಕ್ಕವರಿಗೆ ಪಾಠ ಹೇಳಿಸಿದ. 1797ರಲ್ಲಿ ಆ ಕುರಿತು ಪುಸ್ತಕ ಬರೆದ. 'ಮದ್ರಾಸ್ ಪದ್ಧತಿ' ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಶಾಲೆಗಳಿಗೂ ಹೋಯಿತು. ಅಂದಿನ ತಂತ್ರಜ್ಞಾನ ಮರಳು. ಅದರ ಒಂದು ಗುಣ ನೋಡಿ: ಒಬ್ಬ ಬರೆದದ್ದು ಸುತ್ತ ಕೂತ ಎಲ್ಲರಿಗೂ ಕಾಣುತ್ತದೆ. ಕೈಯೊಳಗಿನ ಮೊಬೈಲಿಗೆ ಆ ಗುಣವಿಲ್ಲ.

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ (1896–1934) ಇದನ್ನೇ ಶಾಸ್ತ್ರೀಯವಾಗಿ ಹೇಳಿದ. ಮಗು ಒಂಟಿಯಾಗಿ ಮಾಡಬಲ್ಲದ್ದಕ್ಕೂ, ತನಗಿಂತ ತುಸು ಹೆಚ್ಚು ಬಲ್ಲವರ ಜೊತೆಗೂಡಿ ಮಾಡಬಲ್ಲದ್ದಕ್ಕೂ ನಡುವೆ ಒಂದು ಜಾಗವಿದೆ. ಕಲಿಕೆ ನಡೆಯುವುದು ಆ ಜಾಗದಲ್ಲಿ ಎಂದು. ಆ 'ತುಸು ಹೆಚ್ಚು ಬಲ್ಲವರು' ಅಕ್ಕ ಆಗಬಹುದು, ನೆರೆಮನೆಯ ಹುಡುಗ ಆಗಬಹುದು.

ಇನ್ನು ನಮ್ಮ ಮನೆಗೆ ಬರೋಣ. ಲ್ಯಾಪ್‌ಟಾಪನ್ನು ಹಾಲ್‌ಗೆ ತಂದು ಒಂದು ತಂತಿಯಿಂದ ಟಿವಿಗೆ ಜೋಡಿಸಿದೆವು. ಹೆಡ್‌ಫೋನ್‌ಗಳನ್ನು ಕಪಾಟಿನಲ್ಲಿಟ್ಟೆವು. ಟ್ಯಾಬ್ ಅಡುಗೆಮನೆಯ ಪಾಲಾಯಿತು. ನೆಲಕ್ಕೊಂದು ಚಾಪೆ. ವಾರಕ್ಕೆರಡು ಸಂಜೆ ಮೇಲಿನ ಮಹಡಿಯ ಕೇರಳದ ಹುಡುಗನೂ, ಅವನ ತಂಗಿಯೂ ಬರತೊಡಗಿದರು. ಪರದೆ ಎಲ್ಲರ ಕಣ್ಣೆದುರು ದೊಡ್ಡದಾಗಿ ಇರುವುದರಿಂದ ಬೇಡದ್ದನ್ನು ನೋಡುವ ಚಿಂತೆಯೂ ಅಲ್ಲಿಗೇ ಕಡಿಮೆಯಾಯಿತು. ಗೋಡೆ ಕಂಪ್ಯೂಟರುಗಳಲ್ಲಿ ಮಿತ್ರ ಅವರು ಕಂಡದ್ದೂ ಇದನ್ನೇ.

ಮೊದಲ ತಿಂಗಳು ಮಾತ್ರ ಸೋಲು. ಮಗಳು ಮೌಸ್ ಹಿಡಿದಳೆಂದರೆ ಬಿಡುತ್ತಿರಲಿಲ್ಲ. ಉಳಿದ ಮೂವರು ಪ್ರೇಕ್ಷಕರು. ಮಗ ಹಿಂದೆ ಕೂತು ಕಾಲ್ಬೆರಳು ಎಣಿಸುತ್ತಿದ್ದ. ನಾಲ್ಕು ಮಕ್ಕಳನ್ನು ಒಂದು ಪರದೆಯ ಮುಂದೆ ಕೂರಿಸಿದ ಮಾತ್ರಕ್ಕೆ ಅದು ಒಟ್ಟಿಗೆ ಕಲಿಯುವುದು ಆಗುವುದಿಲ್ಲ. ಒಬ್ಬಳು ಕಲಿತು ಮೂವರು ಆಕಳಿಸುವುದೂ ಆಗಬಹುದು. ಇದಕ್ಕೆ ಮದ್ದು ಸಿಕ್ಕಿದ್ದು ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಯಜಮಾನರಿಂದ. ಅವರ ಕ್ಷೇತ್ರದಲ್ಲಿ ಇಬ್ಬರು ಒಂದೇ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವ ಪದ್ಧತಿಯುಂಟು. ಒಬ್ಬ ಚಾಲಕ, ಕೀಲಿಮಣೆ ಅವನ ಕೈಯಲ್ಲಿ. ಇನ್ನೊಬ್ಬ ದಾರಿ ತೋರಿಸುವವನು, ಅವನು ಬಾಯಿಂದ ಮಾತ್ರ ಹೇಳಬೇಕು. ಸ್ವಲ್ಪ ಹೊತ್ತಿಗೆ ಅದಲುಬದಲು. ಇದನ್ನೇ ತುಸು ತಿರುಚಿ ನಮ್ಮ ಮನೆಯ ಕಾನೂನು ಮಾಡಿದೆವು: ಗೊತ್ತಿದ್ದವರು ಮೌಸ್ ಮುಟ್ಟುವಂತಿಲ್ಲ. ಗೊತ್ತಿಲ್ಲದವರ ಕೈಯಲ್ಲಿ ಮೌಸ್, ಗೊತ್ತಿದ್ದವರ ಬಾಯಲ್ಲಿ ಮಾತು.

ಈ ಒಂದು ಕಾನೂನು ಮನೆಯನ್ನು ಗದ್ದಲದಿಂದ ತುಂಬಿಸಿಬಿಟ್ಟಿತು. ಎಮ್‌ಐಟಿ ಸಂಸ್ಥೆ 2007ರಲ್ಲಿ ಮಕ್ಕಳಿಗಾಗಿ ಹೊರತಂದ 'ಸ್ಕ್ರ್ಯಾಚ್' ಎಂಬ ಉಚಿತ ಪ್ರೋಗ್ರಾಂನಲ್ಲಿ ಬೆಕ್ಕನ್ನು ನಡೆಸುವುದಿರಲಿ, 'ಜಿಯೋಜೀಬ್ರಾ'ದಲ್ಲಿ ತ್ರಿಕೋನ ಎಳೆಯುವುದಿರಲಿ, ಮಗಳು "ಅಯ್ಯೋ ಅದಲ್ಲ, ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೈ ಹಿಸುಕಿಕೊಳ್ಳುತ್ತ ಹೇಳಬೇಕು, ತಮ್ಮ ಮಾಡಬೇಕು. ಹೇಳಲು ಹೋದಾಗ ತನಗೇ ಸರಿಯಾಗಿ ಗೊತ್ತಿಲ್ಲ ಎಂದು ಅವಳಿಗೆ ಎಷ್ಟೋ ಸಲ ಗೊತ್ತಾಯಿತು!

ಈಗ ನಾನು ಹೇಳಲೇಬೇಕಾದ ಒಂದು ದಿನದ ಸಂಗತಿ. 2024ರ ಜನವರಿ 26, ಶುಕ್ರವಾರ. ಅಲ್ಲಿ ಗಣರಾಜ್ಯೋತ್ಸವದ ರಜೆ, ಇಲ್ಲಿ ವಾರದ ರಜೆ. ಕಾಲ್ಕಾಜಿಯ ಗೋಡೆಗೆ ಅಂದಿಗೆ ಸರಿಯಾಗಿ 25 ವರ್ಷ ತುಂಬಿತ್ತೆಂಬುದು ನನಗೆ ಹೊಳೆದದ್ದು ಈ ಲೇಖನ ಬರೆಯುವಾಗ.

ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ಥನೀಸ್ ಎಂಬ ಗ್ರೀಕ್ ವಿದ್ವಾಂಸ ಈಜಿಪ್ಟಿನ ಎರಡು ಊರುಗಳಲ್ಲಿ ನಡುಮಧ್ಯಾಹ್ನದ ಬಿಸಿಲು ಬೀಳುವ ಕೋನವನ್ನು ಹೋಲಿಸಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಎಂದು ಒಂಬತ್ತನೇ ತರಗತಿಯ ಮಗಳು ಓದಿದ್ದಳು. ಅದನ್ನೇ ಮಸ್ಕತ್ ಮತ್ತು ಉಡುಪಿಯ ನಡುವೆ ಮಾಡೋಣ ಎಂದು ಮಕ್ಕಳು ಹಟ ಹಿಡಿದರು. ತತ್ವ ಸರಳ. ಭೂಮಿ ದುಂಡಗಿರುವುದರಿಂದ ಒಂದೇ ದಿನ ಉತ್ತರದ ಊರಿನಲ್ಲಿ ಸೂರ್ಯ ಹೆಚ್ಚು ಓರೆಯಾಗಿ, ದಕ್ಷಿಣದ ಊರಿನಲ್ಲಿ ಕಡಿಮೆ ಓರೆಯಾಗಿ ಕಾಣುತ್ತಾನೆ. ಎರಡು ಕೋನಗಳ ವ್ಯತ್ಯಾಸ 360 ಡಿಗ್ರಿಯಲ್ಲಿ ಎಷ್ಟನೇ ಪಾಲೋ, ಎರಡು ಊರುಗಳ ನಡುವಿನ ಉತ್ತರ-ದಕ್ಷಿಣ ದೂರ ಭೂಮಿಯ ಸುತ್ತಳತೆಯಲ್ಲಿ ಅಷ್ಟನೇ ಪಾಲು. ಬೇಕಾದದ್ದು ಒಂದು ಕೋಲು, ಅಳತೆಪಟ್ಟಿ, ಮತ್ತು ಎರಡು ಮಹಡಿಗಳನ್ನು ಜೋಡಿಸಲು ಒಂದು ವಿಡಿಯೋ ಕರೆ. ಸೂರ್ಯನನ್ನು ಯಾರೂ ನೇರವಾಗಿ ನೋಡಬಾರದು, ನೆರಳನ್ನು ಮಾತ್ರ ನೋಡಬೇಕು ಎಂದು ಎರಡೂ ಕಡೆ ಕಟ್ಟುನಿಟ್ಟು ಮಾಡಿದೆವು.

ಉಡುಪಿಯಲ್ಲಿ ತಂಗಿಯ ಮಗ (ಈಗ ಪಿಯುಸಿ) ಮತ್ತು ಅವನ ತಂಗಿ. ಇಲ್ಲಿ ನಮ್ಮ ನಾಲ್ವರು. ಉಚಿತ ಝೂಮ್ ಕರೆ ನಲವತ್ತು ನಿಮಿಷಕ್ಕೊಮ್ಮೆ ಕಡಿದುಹೋಗುವುದು, ಮತ್ತೆ ಕಟ್ಟುವುದು. ನಡುಮಧ್ಯಾಹ್ನ ಎಂದರೆ ಗಡಿಯಾರದ ಹನ್ನೆರಡಲ್ಲ, ನೆರಳು ಅತಿ ಚಿಕ್ಕದಾಗುವ ಕ್ಷಣ. ಅದು ಪ್ರತಿ ಊರಿಗೂ ಬೇರೆ. ಅಂದು ಉಡುಪಿಯಲ್ಲಿ ಅದು ಬಂದದ್ದು ಅಲ್ಲಿಯ ಸಮಯ 12.44ರ ಹೊತ್ತಿಗೆ. ನಮ್ಮ ಸರದಿ ಬಂದದ್ದು ಅದಾದ ಒಂದು ಗಂಟೆ ಐದು ನಿಮಿಷಕ್ಕೆ, ಇಲ್ಲಿಯ 12.19ರ ಹೊತ್ತಿಗೆ. ಐದೈದು ನಿಮಿಷಕ್ಕೊಮ್ಮೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಾಗ ನೆರಳು ಕುಗ್ಗುವುದು ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಪಕ್ಕದ ಮಸೀದಿಯಿಂದ ಮಧ್ಯಾಹ್ನದ ಆಝಾನ್ ಕೇಳಿಸಿತು. ಮಧ್ಯಾಹ್ನದ ಪ್ರಾರ್ಥನೆಯ ಸಮಯ ಶುರುವಾಗುವುದೇ ಸೂರ್ಯ ನೆತ್ತಿಯನ್ನು ದಾಟಿದ ಮೇಲೆ. ಇಷ್ಟು ವರ್ಷ ಈ ಊರಲ್ಲಿದ್ದೂ ನನಗಿದು ತಿಳಿದಿರಲಿಲ್ಲ; ಮಕ್ಕಳಿಗೆ ಹೇಳಿದವರು ನಮ್ಮ ಕಟ್ಟಡದ ಕಾವಲುಗಾರ.

ನಮ್ಮ ಒಂದು ಮೀಟರ್ ಕೋಲಿನ ನೆರಳು 91 ಸೆಂಟಿಮೀಟರ್. ಹಾಳೆಯ ಮೇಲೆ ಹತ್ತು ಸೆಂಟಿಮೀಟರ್ ಕೋಲು, 9.1 ಸೆಂಟಿಮೀಟರ್ ನೆರಳು ಎಂದು ತ್ರಿಕೋನ ಎಳೆದು ಕೋನಮಾಪಕದಿಂದ ಅಳೆದರು: 42 ಡಿಗ್ರಿ. ಉಡುಪಿಯವರು ಹೇಳಿದ ನೆರಳು 81 ಸೆಂಟಿಮೀಟರ್, ಕೋನ 39. ವ್ಯತ್ಯಾಸ ಮೂರೇ ಡಿಗ್ರಿ. ಮಗಳು ಇಂಟರ್ನೆಟ್‌ನಲ್ಲಿ ದೂರ ಹುಡುಕಿದಳು, ವಿಮಾನದ ದಾರಿ ಸುಮಾರು 2,100 ಕಿಲೋಮೀಟರ್. ಗುಣಿಸಿದರೆ ಭೂಮಿಯ ಸುತ್ತಳತೆ 2,52,000 ಕಿಲೋಮೀಟರ್! ನಮ್ಮ ಭೂಮಿ ಯುರೇನಸ್‌ಗಿಂತ ದೊಡ್ಡದಾಗಿಬಿಟ್ಟಿತ್ತು.

ಎಲ್ಲರೂ ಒಟ್ಟಿಗೆ ಮಾತನಾಡತೊಡಗಿದರು. ಪಿಯುಸಿ ಹುಡುಗ ಟ್ಯಾನ್ ಬಳಸಿ ಲೆಕ್ಕವನ್ನು ಮತ್ತೆ ಮಾಡಿದ, ಉತ್ತರ ಬದಲಾಗಲಿಲ್ಲ. ಆಗ ನಮ್ಮ ಆರನೇ ತರಗತಿಯವನು, ಎರಡು ವರ್ಷ ಯಾರನ್ನೂ ಏನನ್ನೂ ಕೇಳದೆ ಕೂತಿದ್ದವನು, ಪರದೆಯ ಹತ್ತಿರ ಹೋಗಿ ಕೇಳಿದ: "ಅಣ್ಣಾ, ನಿಮ್ಮ ಕೋಲು ಎಂತದರ ಮೇಲೆ ನಿಂತಿದೆ? ತೋರಿಸು." ಅಲ್ಲಿ ಕ್ಯಾಮೆರಾ ಕೆಳಗೆ ತಿರುಗಿತು. ಕೋಲು ಮರಳು ತುಂಬಿದ ಬಕೆಟ್ಟಿನಲ್ಲಿ ನಿಂತಿತ್ತು! ಬಕೆಟ್ಟಿನ ಮೇಲೆ ಒಂದು ಮೀಟರ್; ನೆರಳು ಬೀಳುತ್ತಿದ್ದುದು ನೆಲದ ಮೇಲೆ. "ಹಾಗಾದರೆ ಬಕೆಟ್ಟಿನ ಎತ್ತರವೂ ಸೇರಬೇಕಲ್ಲ?"

ಆ ಕಡೆ ಒಂದು ಕ್ಷಣ ಮೌನ. ಬಳಿಕ ನಗು. ಬಕೆಟ್ 29 ಸೆಂಟಿಮೀಟರ್ ಇತ್ತು. ಮತ್ತೆ ಅಳೆಯೋಣವೆಂದರೆ ಉಡುಪಿಯ ನಡುಮಧ್ಯಾಹ್ನ ಮುಗಿದುಹೋಗಿತ್ತು. ಆದರೆ ಅಳತೆ ಹಾಳಾಗಿರಲಿಲ್ಲ: 129 ಸೆಂಟಿಮೀಟರ್ ಎತ್ತರಕ್ಕೆ 81 ಸೆಂಟಿಮೀಟರ್ ನೆರಳು ಎಂದು ಹೊಸ ತ್ರಿಕೋನ ಎಳೆದರು. 32 ಡಿಗ್ರಿ. ವ್ಯತ್ಯಾಸ 10, ಅಂದರೆ ವೃತ್ತದ 36ನೇ ಪಾಲು.

ಆದರೂ 2,100ನ್ನು 36ರಿಂದ ಗುಣಿಸಿದರೆ 75,600. ಪುಸ್ತಕದಲ್ಲಿರುವುದು ಸುಮಾರು 40,000. ಈ ಸಲ ಗಂಟು ಬಿಡಿಸಿದವಳು ಕೇರಳದ ಪುಟ್ಟ ಹುಡುಗಿ. ಅಟ್ಲಾಸ್ ನೋಡುತ್ತ, ಉಡುಪಿ ಕೆಳಗೆ ಮಾತ್ರ ಇಲ್ಲ, ಪಕ್ಕಕ್ಕೂ ಇದೆ ಎಂದಳು. ವಿಮಾನ ಹೋಗುವುದು ಓರೆಯಾಗಿ. ನಮಗೆ ಬೇಕಾದದ್ದು ಉತ್ತರದಿಂದ ದಕ್ಷಿಣಕ್ಕೆ ನೆಟ್ಟಗಿನ ದೂರ ಮಾತ್ರ. ಅಟ್ಲಾಸಿನ ಅಳತೆಗೆ ಹಿಡಿದರೆ ಅದು ಸುಮಾರು 1,140 ಕಿಲೋಮೀಟರ್. 36ರಿಂದ ಗುಣಿಸಿದಾಗ ಬಂದದ್ದು 41,040! ಅವಳ ಅಣ್ಣ ಮಾತ್ರ ಒಪ್ಪಲಿಲ್ಲ. "ಅಟ್ಲಾಸ್ ಮಾಡಿದವರಿಗೆ ಭೂಮಿಯ ಅಳತೆ ಮೊದಲೇ ಗೊತ್ತಿತ್ತಲ್ಲ, ಇದು ಕಾಪಿ ಹೊಡೆದ ಹಾಗೆ" ಎಂದ. ಅವನ ಆಕ್ಷೇಪ ಸರಿಯಾದದ್ದೇ. ಮಸ್ಕತ್‌ನಿಂದ ಉಡುಪಿಗೆ ಸಮುದ್ರದ ಮೇಲೆ ಹೆಜ್ಜೆ ಎಣಿಸುತ್ತ ಹೋಗುವವರು ಯಾರು ಎಂದು ಮಗಳು ಕೇಳಿದಳು. ಆ ಜಗಳ ಇನ್ನೂ ಬಗೆಹರಿದಿಲ್ಲ.

ಇದರಲ್ಲಿ ನನಗೆ ಆದ ಒಂದು ಲಾಭವನ್ನು ಹೇಳದಿದ್ದರೆ ತಪ್ಪಾದೀತು. ನಮ್ಮ ಮಕ್ಕಳು ಮನೆಯಲ್ಲಿ ನಮ್ಮ ಜೊತೆ ಕನ್ನಡ, ತಮ್ಮತಮ್ಮಲ್ಲಿ ಇಂಗ್ಲಿಷ್. ಕನ್ನಡವೆಂದರೆ ಊಟಕ್ಕೆ, ಬೈಗುಳಕ್ಕೆ, ಹಬ್ಬಕ್ಕೆ ಎಂದಾಗಿಬಿಟ್ಟಿತ್ತು. ಆದರೆ ಉಡುಪಿಯ ಮಕ್ಕಳ ಜೊತೆ ವಾದ ಮಾಡಬೇಕಾದರೆ ಕನ್ನಡವೇ ಬೇಕು. "ಓರೆ", "ನೆಟ್ಟಗೆ", "ಕೋನ", "ಸುತ್ತಳತೆ" ಎಂಬ ಪದಗಳು ಪಠ್ಯಪುಸ್ತಕದಿಂದ ಎದ್ದು ಬಂದು ಮಹಡಿಯ ಮೇಲೆ ಓಡಾಡಿದವು. ನೆರಳಿಗೆ ತಮ್ಮಲ್ಲಿ 'ನಿಳಲ್' ಎನ್ನುತ್ತಾರೆ ಎಂದು ಮಲಯಾಳಿ ಹುಡುಗ ಹೇಳಿದಾಗ, ಎರಡೂ ಒಂದೇ ಪದ ಎಂದು ಮಗ ಕುಣಿದಾಡಿದ. ಒತ್ತಕ್ಷರ ಅವನಿಗೆ ಈಗಲೂ ಪೂರ್ತಿ ಒಲಿದಿಲ್ಲ; "ವ್ಯತ್ಯಾಸ" ಎಂಬುದನ್ನು ಅಂದು ಮೂರು ಸಲ ಅಳಿಸಿ ಬರೆದ. ಆದರೆ ಪಕ್ಕದಲ್ಲಿದ್ದ ಅಕ್ಕನನ್ನು ಕೇಳಿ ಬರೆದ.

ನಿಮ್ಮಲ್ಲಿ ಯಾರಿಗಾದರೂ ಇದನ್ನು ಮಾಡಿ ನೋಡುವ ಮನಸ್ಸಾದರೆ ಎರಡೂ ಕಡೆ ಒಂದೇ ದಿನ ಅಳೆಯಬೇಕು. ಮಳೆಗಾಲದಲ್ಲಿ ಊರಿನ ಕಡೆಯ ಮೋಡವನ್ನು ನಂಬಬೇಡಿ. ಕೋಲು ನೆಟ್ಟಗೆ ನಿಂತಿದೆಯೇ ಎಂದು ದಾರಕ್ಕೆ ಕಲ್ಲು ಕಟ್ಟಿ ನೋಡಿಕೊಳ್ಳಿ. ಬಿಸಿಲು ಬೇಡವೆಂದರೆ ರಾತ್ರಿಯ ಕೆಲಸವೂ ಇದೆ: ಧ್ರುವನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆಯೋ ಅದೇ ಆ ಊರಿನ ಅಕ್ಷಾಂಶ. ಮಸ್ಕತ್‌ನಲ್ಲಿ 23 ಡಿಗ್ರಿಗಿಂತ ತುಸು ಹೆಚ್ಚು, ಉಡುಪಿಯಲ್ಲಿ 13ರ ಆಸುಪಾಸು. ಫೆಬ್ರವರಿಯ ಸಂಜೆ ದಕ್ಷಿಣಕ್ಕೆ ಕಾಣುವ ಅಗಸ್ತ್ಯ ನಕ್ಷತ್ರದ್ದು ಇದಕ್ಕೆ ಉಲ್ಟಾ. ಅದು ಊರಿನಲ್ಲಿ ಎತ್ತರಕ್ಕೆ ಏರುತ್ತದೆ, ಇಲ್ಲಿ ಬೆಟ್ಟಗಳ ತಲೆಯ ಮೇಲಷ್ಟೇ ಇಣುಕುತ್ತದೆ. 'ಸ್ಟೆಲೇರಿಯಂ' ಎಂಬ ಉಚಿತ ತಂತ್ರಾಂಶದಲ್ಲಿ ಎರಡೂ ಊರಿನ ಆಕಾಶವನ್ನು ಪರದೆಯ ಮೇಲೆ ಮೊದಲೇ ನೋಡಿಕೊಂಡು, ಬಳಿಕ ಮಹಡಿ ಹತ್ತಬಹುದು. ನಮ್ಮ ಮಕ್ಕಳ ಪಟ್ಟಿಯಲ್ಲಿ ಮುಂದಿನದು ಅದೇ.

ಉಡುಪಿಯ ಕೋಲು ಮಾತ್ರ ಈಗ ಬಕೆಟ್ಟಿನಲ್ಲಿಲ್ಲ. ಪ್ರಯೋಗ ಮುಗಿದ ಮರುಕ್ಷಣವೇ ನಮ್ಮಮ್ಮ ಮೆಟ್ಟಿಲು ಹತ್ತಿ ಬಂದು, "ಭೂಮಿ ಅಳೆದು ಆಯಿತಲ್ಲ, ಇನ್ನು ನನ್ನ ಬಕೆಟ್ ಕೊಡಿ, ಬಟ್ಟೆ ಹಾಗೇ ಬಿದ್ದಿದೆ" ಎಂದು ಮರಳು ಸುರಿದು ತೆಗೆದುಕೊಂಡು ಹೋದರು.